ಮೆಟ್ಟುಕತ್ತಿಯ ಮುಂದೆ ಮೆಚ್ಚಿನ ಪುಸ್ತಕ

ಜೂನ್ 19 ಹತ್ತಿರ ಬಂದರೆ ನಮ್ಮೂರ ಗ್ರಂಥಾಲಯಕ್ಕೆ ಜೀವ ಬರುತ್ತದೆ. ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ತೀರಿಕೊಂಡ ಆ ದಿನವನ್ನು ಕೇರಳದಲ್ಲಿ ವಾಚನ ದಿನವೆಂದು ಆಚರಿಸುತ್ತಾರೆ. ಕಾಸರಗೋಡಿನವರಾದ ನಮಗೂ ಅದು ತಪ್ಪಿದ್ದಲ್ಲ. ಈ ಸಲ ಕಾರ್ಯದರ್ಶಿ ಒಂದು ಉಪಾಯ ಹೂಡಿದ್ದರು. ಹೊರಗಿನಿಂದ ಭಾಷಣಕಾರರನ್ನು ಕರೆಸಿದರೆ ಜೀಪಿನ ಬಾಡಿಗೆ ಕೊಡಬೇಕು. ಊರಿನವರೇ ಐದೈದು ನಿಮಿಷ ತಮ್ಮ ಮೆಚ್ಚಿನ ಪುಸ್ತಕದ ಬಗ್ಗೆ ಮಾತನಾಡಿದರೆ ಚಹಾ ಮತ್ತು ಬಾಳೆಕಾಯಿ ಪೋಡಿಯಲ್ಲಿ ಮುಗಿಯುತ್ತದೆ.

ಹಾಗಾಗಿ ಆ ಮಳೆಯ ಸಂಜೆ ನಮ್ಮ ಜಗಲಿಯಲ್ಲಿ ಐದು ಮಂದಿ, ಅಡಿಕೆ ಸುಲಿಯಲು ಕಾಲಲ್ಲಿ ಮೆಟ್ಟಿ ಹಿಡಿಯುವ ಐದು ಮೆಟ್ಟುಕತ್ತಿ, ನಡುವೆ ಒಣಗಿದ ಅಡಿಕೆಯ ರಾಶಿ. ಭಾಷಣದ ಅಭ್ಯಾಸಕ್ಕೆಂದು ಕರೆದದ್ದು ನಾನೇ. ಜೊತೆಗೆ ಸುಲಿಯುವ ಕೂಲಿಯೂ ಉಳಿಯುತ್ತದೆ ಎಂಬುದು ಯಾರಿಗೂ ಹೊಳೆಯಲಾರದು ಎಂದುಕೊಂಡಿದ್ದೆ. ಈಶ್ವರ ಭಾವ ಕೂರುವ ಮೊದಲೇ, “ಸಾಹಿತ್ಯ ಸೇವೆ ಒಟ್ಟು ಎಷ್ಟು ಗೋಣಿ?” ಎಂದು ಕೇಳಿದ.

ಮಾಷ್ಟ್ರು ತಡವಾಗಿ ಬಂದರು. ಯಾವುದೋ ಹಳೆಯ ವರ್ಷದ ತೀರ್ವೆ (ಭೂಕಂದಾಯ) ರಸೀದಿ ಕಾಣೆಯಾಗಿ, ಪೆಟ್ಟಿಗೆ, ಕಪಾಟು, ದೇವರ ಕೋಣೆ ಎಲ್ಲವನ್ನೂ ಮಗುಚಿ ಹಾಕಿ ಬಂದಿದ್ದರು.

ಮೊದಲು ನಾನೇ ಗಂಟಲು ಸರಿಮಾಡಿಕೊಂಡೆ. “ನನ್ನ ಮೆಚ್ಚಿನ ಪುಸ್ತಕ ಭೈರಪ್ಪನವರ ಪರ್ವ. 1979ರಲ್ಲಿ ಪ್ರಕಟವಾದ ಈ ಮಹಾಕೃತಿ...”

“ಎಲ್ಲಿಯವರೆಗೆ ಓದಿದ್ದೀಯಾ?” ಎಂದರು ಮಾಷ್ಟ್ರು. ಏಳನೇ ತರಗತಿಯಲ್ಲಿ ನನ್ನ ಕಿವಿ ಹಿಂಡುವಾಗ ಇದ್ದ ಸ್ವರವೇ.

“ಶಲ್ಯರಾಜನ ಮನೆಯವರೆಗೆ.”

“ಅದು ಮೊದಲನೆಯ ಪುಟವಲ್ಲವೋ!”

“ಅರುವತ್ತು ಪುಟ ಆಗಿದೆ ಮಾಷ್ಟ್ರೇ.”

“ಎಷ್ಟು ವರ್ಷದಿಂದ?”

ಹನ್ನೊಂದು ವರ್ಷದಿಂದ. ಪಾಪ, ಶಲ್ಯ ಇನ್ನೂ ಯುದ್ಧಕ್ಕೆ ಹೊರಟಿಲ್ಲ. ನನ್ನಿಂದಾಗಿ ಕುರುಕ್ಷೇತ್ರವೇ ಮುಂದೂಡಲ್ಪಟ್ಟಿದೆ. ಅಂದುಚ್ಚ ಕೈಯಲ್ಲಿದ್ದ ಅಡಿಕೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಎಸೆದರು. “ಪಟೋರ” ಎಂದರು, ಎಂದರೆ ಕೆಳದರ್ಜೆಯ ಮಾಲು. ಅಡಿಕೆಗೆ ಹೇಳಿದರೋ ನನಗೋ ಗೊತ್ತಾಗಲಿಲ್ಲ.

ಅಂದುಚ್ಚನದು ಅಡಿಕೆ ವ್ಯಾಪಾರ. ಲೆಕ್ಕ ಮಲಯಾಳದಲ್ಲಿ, ಚೌಕಾಸಿ ತುಳುವಿನಲ್ಲಿ, ಓದು ಮಲಯಾಳ, ಕನ್ನಡ ಎರಡರಲ್ಲಿ. ಅವರಿಗೆ ಇಷ್ಟದ್ದು ಮಲಯಾಳದ ವೈಕಂ ಮುಹಮ್ಮದ್ ಬಷೀರರ ‘ಪಾತ್ತುಮ್ಮಾಯುಡೆ ಆಡು’, ಎಂದರೆ ಪಾತ್ತುಮ್ಮಳ ಆಡು. “ಹೆಸರನ್ನು ಕನ್ನಡಕ್ಕೆ ತರಲು ಏನು ಕಷ್ಟ ಹೇಳಿ? ಆಡು ಅಲ್ಲಿಯೂ ಆಡು, ಇಲ್ಲಿಯೂ ಆಡು. ರಾಜ್ಯಗಳ ಗಡಿ ಎಳೆದ 1956ರಲ್ಲಿ ಅದು ಯಾರನ್ನೂ ಕೇಳದೆ ಗಡಿ ದಾಟಿದೆ” ಎಂದರು. ಆ ಕಥೆಯಲ್ಲಿ ತಂಗಿಯ ಆಡು ಮನೆಗೆ ನುಗ್ಗಿ ಬಷೀರರು ಬರೆದ ಪುಸ್ತಕಗಳನ್ನೇ ತಿಂದುಹಾಕುತ್ತದೆ. ಬರೆದವನು ಕೋಪಿಸಿಕೊಳ್ಳುವ ಬದಲು ಅದರ ಮೇಲೆಯೇ ಇನ್ನೊಂದು ಪುಸ್ತಕ ಬರೆಯುತ್ತಾನೆ. “ನನ್ನ ಬಾಕಿ ಪುಸ್ತಕವನ್ನು ಆಡು ತಿಂದರೆ ನಾನು ಹಾಗೆ ನಗಲಾರೆ. ಅದಕ್ಕೇ ಆ ಮನುಷ್ಯ ಇಷ್ಟ.”

ಅಂದುಚ್ಚನ ಮನೆಯಲ್ಲಿ ಇನ್ನೊಂದು ಒಳ್ಳೆಯ ಪುಸ್ತಕವಿತ್ತು: ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ನಮ್ಮದೇ ಹೊಳೆಯ ಹೆಸರಿನದು, 1984ರದ್ದು. ಅಪ್ಪನ ಹಟ, ಗಂಡನ ಹಟ ಎರಡರ ನಡುವೆ ಸಿಕ್ಕಿಕೊಂಡ ನಾದಿರಾಳ ಕಥೆ. ಅದೆಲ್ಲಿ ಎಂದು ಸರೋಜಿನಿ ಅಕ್ಕ ಕೇಳಿದರು.

“ಮಗಳು ಗಂಡನ ಮನೆಗೆ ಹೋಗುವಾಗ ತೆಗೆದುಕೊಂಡು ಹೋದಳು.”

“ಅಲ್ಲಿ ಓದಲು ಪುರುಸೊತ್ತು ಸಿಗುತ್ತದೆಯೇ ಅವಳಿಗೆ?”

“ಅವಳು ಮೂರು ಸಲ ಓದಿಯಾಗಿದೆ ಅಕ್ಕಾ. ಅದು ಅಳಿಯನಿಗೆ.”

ಈಶ್ವರ ಭಾವನ ವಿಷಯ ಬೇಗ ಮುಗಿಸುತ್ತೇನೆ, ಅವನು ಮುಗಿಸಲಿಲ್ಲ. ತಾಳಮದ್ದಳೆಯ ಅರ್ಥಧಾರಿ, ವೇಷವಿಲ್ಲದೆ ಕುಳಿತು ಪಾತ್ರದ ಪರವಾಗಿ ವಾದಿಸುವವನು. ಅವನ ಪ್ರಕಾರ ಪುಸ್ತಕವೆಂದರೆ ಎದುರಾಳಿಯ ಬಾಯಿ ಮುಚ್ಚಿಸುವ ಆಯುಧ. ಕುಮಾರವ್ಯಾಸ ಇಷ್ಟ, ಏಕೆಂದರೆ ಕರ್ಣನ ಪರವಾಗಿ ವಾದಿಸಲು ಪದ್ಯಗಳು ಸಿಗುತ್ತವೆ. ಕುಂಬಳೆಯ ಪಾರ್ತಿಸುಬ್ಬ ಇಷ್ಟ, ಏಕೆಂದರೆ ವಾಲಿಯ ಬಾಯಿಯಲ್ಲಿ ರಾಮನನ್ನೇ ಕಟಕಟೆಗೆ ತರಬಹುದು. ಕಾದಂಬರಿಯಲ್ಲಿ ಹಾಗೆ ಯಾರನ್ನೂ ಸೋಲಿಸಲು ಆಗುವುದಿಲ್ಲವಂತೆ. ವಾಲಿ ಬಿದ್ದುಕೊಂಡೇ ವಾದಿಸುತ್ತಿದ್ದಾಗ ನನ್ನ ಹೆಂಡತಿ ಹಲಸಿನ ಹಪ್ಪಳ ತಂದಿಟ್ಟದ್ದರಿಂದ ಮೋಕ್ಷ ಸಾಧ್ಯವಾಯಿತು.

ಸರೋಜಿನಿ ಅಕ್ಕ ಹಪ್ಪಳ ಮುರಿಯುತ್ತ, “ನನ್ನದು ಕಾರಂತರ ಬೆಟ್ಟದ ಜೀವ” ಎಂದರು. ಎಲ್ಲರೂ ತಲೆದೂಗಿದೆವು. ಸುಬ್ರಹ್ಮಣ್ಯದ ಕಡೆಯ ಕಾಡು, ಗುಡ್ಡ ಕಡಿದು ತೋಟ ಮಾಡಿದ ಗೋಪಾಲಯ್ಯ, ಅವರ ಶಂಕರಿ. ಅಡಿಕೆ ಬೆಳೆಯುವವರ ಮನೆಯಲ್ಲಿ ಆ ಪುಸ್ತಕಕ್ಕೆ ಎದುರು ಮಾತಿಲ್ಲ. ಆದರೆ ಅಕ್ಕ ಅಷ್ಟಕ್ಕೇ ಬಿಡುವವರಲ್ಲ.

“ದಾರಿ ತಪ್ಪಿ ಬಂದವನಲ್ಲವೇ ಆ ಅತಿಥಿ? ಬೆಳಗ್ಗೆ ದಾರಿ ತೋರಿಸಿದರೆ ಮುಗಿಯಿತು. ಇವನು ಬಿಸಿನೀರು ಸ್ನಾನ ಮಾಡಿಕೊಂಡು, ಉಂಡು, ಮಲಗಿ, ದಿನಗಟ್ಟಲೆ ಕುಳಿತ. ಗೋಪಾಲಯ್ಯ ‘ಇನ್ನೊಂದು ದಿನ ಇರಿ’ ಎನ್ನುತ್ತಾರೆ. ಹೇಳುವುದಕ್ಕೆ ಏನು? ಒಲೆಯ ಮುಂದೆ ನಿಂತವಳು ಶಂಕರಿ!”

“ಮತ್ತೆ ಹೇಗೆ ಮೆಚ್ಚಿನ ಪುಸ್ತಕ?” ಎಂದೆ.

ಅಕ್ಕ ಕತ್ತಿಯಿಂದ ಕಾಲು ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಅವರ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. “ಮನೆ ಬಿಟ್ಟು ಹೋದ ಮಗನ ಪಾಲಿನದ್ದನ್ನು ಬಂದವನಿಗೆ ಬಡಿಸುತ್ತಿದ್ದಾಳೆ ಅವಳು. ಅದಕ್ಕೇ ಬೈಯಲು ಆಗುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಒಮ್ಮೆ ಓದುತ್ತೇನೆ, ಅವನಿಗೆ ಒಮ್ಮೆ ಬೈಯುತ್ತೇನೆ” ಎಂದವರು ಮತ್ತೆ ಒಂದು ಅಡಿಕೆ ಎತ್ತಿಕೊಂಡರು.

ಈಶ್ವರ ಭಾವನಿಗೂ ಇದಕ್ಕೆ ಪ್ರತಿವಾದ ಹೊಳೆಯಲಿಲ್ಲ.

ಉಳಿದವರು ಮಾಷ್ಟ್ರು. ಅವರ ಸರದಿ ಬರಬಾರದೆಂದೇ ನಾನು ಅಷ್ಟು ಹೊತ್ತು ಬೇಡಿಕೊಳ್ಳುತ್ತಿದ್ದೆ. ಕಾರಣವಿದೆ. ಅವರ ಮೆಚ್ಚಿನ ಪುಸ್ತಕ ನಿರಂಜನರ ‘ಚಿರಸ್ಮರಣೆ’ ಎಂದು ಊರಿಗೇ ಗೊತ್ತು. ಅವರು ಅದನ್ನು ನಾಲ್ಕು ಸಲ ಕೊಂಡಿದ್ದಾರೆ, ನಾಲ್ಕು ಸಲವೂ ಯಾರೋ ಓದಲು ಒಯ್ದು ತಂದುಕೊಟ್ಟಿಲ್ಲ. ಆ ನಾಲ್ಕರಲ್ಲಿ ಮೂರನೆಯದು ನಮ್ಮ ಅಟ್ಟದಲ್ಲಿದೆ, ಉಪ್ಪಿನಕಾಯಿ ಭರಣಿಯ ಹಿಂದೆ.

“ಕಯ್ಯೂರು ಇಲ್ಲಿಂದ ಎಷ್ಟು ದೂರ?” ಎಂದು ಮಾಷ್ಟ್ರು ಆರಂಭಿಸಿದರು. “ನಮ್ಮದೇ ಜಿಲ್ಲೆ. ತೇಜಸ್ವಿನಿ ಹೊಳೆಯ ದಂಡೆ. 1941ರಲ್ಲಿ ಗೇಣಿದಾರರು ಎದ್ದು ನಿಂತರು. 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನೀಲೇಶ್ವರದ ಶಾಲೆಯಲ್ಲಿ ಓದಿದ್ದ ಒಬ್ಬರು ಅದನ್ನು ಕನ್ನಡದಲ್ಲಿ ಕಾದಂಬರಿ ಮಾಡಿದರು. ಪುಸ್ತಕ ಬಂದದ್ದು 1955ರಲ್ಲಿ, ಮರುವರ್ಷ ನಾವು ಕೇರಳಕ್ಕೆ ಬಂದೆವು. ಮಲಯಾಳದವರು ತಮ್ಮೂರಿನ ಕಥೆಯನ್ನು ಕನ್ನಡದಿಂದ ಅನುವಾದ ಮಾಡಿಸಿಕೊಂಡು ಓದಿದರು. ಎರಡು ಭಾಷೆಯವರು ಇಲ್ಲಿ ಯಾವ್ಯಾವುದಕ್ಕೋ ಜಗಳಾಡಿದ್ದೇವೆ. ಈ ಒಂದು ಪುಸ್ತಕಕ್ಕೆ ಮಾತ್ರ ಇಬ್ಬರೂ ‘ನಮ್ಮದು’ ಎನ್ನುತ್ತೇವೆ.”

“ಪುಸ್ತಕ ಕೈಯಲ್ಲಿ ಹಿಡಿದು ಮಾತನಾಡಿದರೆ ಗಮ್ಮತ್ತು ಮಾಷ್ಟ್ರೇ” ಎಂದರು ಅಂದುಚ್ಚ.

“ಎಲ್ಲಿದೆ? ಐದನೆಯದು ಕೊಳ್ಳಲು ಮಂಗಳೂರಿಗೆ ಹೋಗಬೇಕು.”

ನಾನು ಅಡಿಕೆಯ ಮೇಲೆ ಅಪಾರ ಶ್ರದ್ಧೆ ತೋರಿಸುತ್ತಿದ್ದೆ. ಹೆಬ್ಬೆರಳಿಗೆ ಕತ್ತಿ ತಗಲಿತು. ಸರೋಜಿನಿ ಅಕ್ಕ ಅರಿಶಿನ ತರಲು ಒಳಗೆ ಓಡಿದರು. ಅಟ್ಟದ ಕಡೆಗಲ್ಲ ಎಂದು ಖಾತರಿಯಾದ ಮೇಲೆಯೇ ನನಗೆ ನೋವು ಗೊತ್ತಾದದ್ದು.

ಕತ್ತಲಾಯಿತು. ಗೋಣಿ ಅರ್ಧವೂ ತುಂಬಿರಲಿಲ್ಲ. ಮಾತಿಗೆ ಕುಳಿತವರಿಂದ ಅಡಿಕೆ ಸುಲಿಸುವುದು ಲಾಭದ ಬಾಬತ್ತಲ್ಲ. ಒಬ್ಬೊಬ್ಬರೇ ಎದ್ದರು. ಮಾಷ್ಟ್ರು ಅಂಗಳಕ್ಕೆ ಇಳಿದು ಕೊಡೆ ಬಿಡಿಸಿದವರು ಅಲ್ಲೇ ನಿಂತರು.

“ನಿನ್ನ ಹತ್ತಿರ ಇರುವುದರಲ್ಲಿ ನೂರರ ಆಸುಪಾಸಿನ ಪುಟದಲ್ಲಿ ಒಂದು ಕಾಗದ ಇದೆಯೇ ನೋಡು.”

“ಯಾವುದರಲ್ಲಿ ಮಾಷ್ಟ್ರೇ?”

“ಪುಸ್ತಕ ಇರಲಿ, ನೀನೇ ಇಟ್ಟುಕೋ. ಆ ತೀರ್ವೆ ರಸೀದಿ ಮಾತ್ರ ನಾಳೆ ಹತ್ತು ಗಂಟೆಯೊಳಗೆ ತಂದುಕೊಡು.”

ನಾನು ಟಾರ್ಚು ಹಿಡಿದು ಅಟ್ಟ ಹತ್ತಿದೆ. ರಸೀದಿ ತೊಂಬತ್ತೆಂಟನೆಯ ಪುಟದಲ್ಲಿತ್ತು. ನಾನು ಓದಿದ್ದು ತೊಂಬತ್ತಾರರವರೆಗೆ.