ಫೆರೆಟ್ ತೂಕ ಇಳಿಯುತ್ತಿದೆ, ರಕ್ತದ ರಿಪೋರ್ಟ್ ಹೇಗೆ ಓದೋದು?

ಪ್ರಶ್ನೆ: ನಾವಿರುವುದು ಅಮೆರಿಕದ ಒಹಾಯೋದಲ್ಲಿ. ನಮ್ಮ ಗಂಡು ಫೆರೆಟ್‌ಗೆ (ಮುಂಗುಸಿಯಂತೆ ಕಾಣುವ ಸಾಕುಪ್ರಾಣಿ) 5 ವರ್ಷ. ಎರಡೇ ತಿಂಗಳಲ್ಲಿ 1,250 ಗ್ರಾಂ ಇದ್ದವನು 1,020ಕ್ಕೆ ಇಳಿದಿದ್ದಾನೆ. ರಿಪೋರ್ಟ್‌ನಲ್ಲಿ ಗ್ಲೂಕೋಸ್ (ರಕ್ತದ ಸಕ್ಕರೆ) 68, ಬಿಯುಎನ್ (ರಕ್ತದ ಯೂರಿಯಾ ಅಂಶ) 48, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) 0.5, ಎಲ್ಲ mg/dL ಲೆಕ್ಕದಲ್ಲಿ. ಡಾಕ್ಟರ್ ಸಿಗುವುದು ಸೋಮವಾರ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ?

ಉತ್ತರ: ನಮ್ಮ ಫೆರೆಟ್ ಚಿಂಟುವಿಗೆ ಆಗಿತ್ತು. ಮೊದಲು ಇದನ್ನು ಹೇಳಿ, ರಕ್ತ ಕೊಡುವಾಗ ಅವನು ತಿಂದು ಎಷ್ಟು ಹೊತ್ತಾಗಿತ್ತು? ಅದು ಗೊತ್ತಿಲ್ಲದೆ ಗ್ಲೂಕೋಸ್ ನಂಬರಿಗೆ ಅರ್ಥವಿಲ್ಲ. ಚಿಂಟುವಿಗೆ ಮೊದಲ ಸಲ 88 ಬಂತು, ಸಮಾಧಾನವಾಯಿತು. ಆದರೆ ಅವನು ತಿಂದು ಒಂದು ಗಂಟೆಯೂ ಆಗಿರಲಿಲ್ಲ. ಇನ್ನೊಂದು ಸಲ ನಾಲ್ಕು ಗಂಟೆ ಖಾಲಿ ಹೊಟ್ಟೆಯಲ್ಲಿ ತೆಗೆದರು, 54! ಇನ್ಸುಲಿನೋಮಾ, ಅಂದರೆ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಅದು ಇನ್ಸುಲಿನ್ ಜಾಸ್ತಿ ಮಾಡಿ ಸಕ್ಕರೆ ಇಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ 90ರ ಮೇಲಿದ್ದರೆ ಸರಿ, 60ಕ್ಕಿಂತ ಕೆಳಗೆ ಹೋದರೆ ಅದರದೇ ಅನುಮಾನ ಜಾಸ್ತಿ. ನಡುವೆ ಬಂದರೆ ಮತ್ತೆ ನೋಡಬೇಕು. ಆದರೆ ನೀವಾಗಿಯೇ ಮನೆಯಲ್ಲಿ ಉಪವಾಸ ಹಾಕಬೇಡಿ.

ನಮಗೆ ಸುಳಿವು ಮೊದಲೇ ಸಿಕ್ಕಿತ್ತು, ಗೊತ್ತಾಗಲಿಲ್ಲ. ನಿದ್ದೆಯಿಂದ ಎದ್ದವನು ಹಾಸಿಗೆಯ ಅಂಚಿನಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದ. ಹಿಂಗಾಲು ಎಳೆಯುತ್ತಿದ್ದ. ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದ್ದ. ಹೀಗೆ ಕಂಡರೆ ಒಸಡಿಗೆ ಸ್ವಲ್ಪ ಜೇನು ಸವರಿ. ಫಿಟ್ಸ್ ಬಂದಿದ್ದರೆ ಬಾಯೊಳಗೆ ಬೆರಳು ಹಾಕಬೇಡಿ. ಚೇತರಿಸಿಕೊಂಡ ಕೂಡಲೇ ಮಾಂಸದ ಊಟ ಕೊಡಿ. ಬರೀ ಸಿಹಿ ಕೊಟ್ಟರೆ ಇನ್ಸುಲಿನ್ ಏರಿ ಸಕ್ಕರೆ ಮತ್ತೆ ಕುಸಿಯುತ್ತದೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಔಷಧ ಶುರು ಮಾಡಿದ ಮೇಲೆ ಚಿಂಟು 14 ತಿಂಗಳು ನಮ್ಮ ಜೊತೆ ಇದ್ದ.

ಬಿಯುಎನ್ 48 ಅಂದರೆ ಸ್ವಲ್ಪ ಜಾಸ್ತಿ. ನೀರು ಕಡಿಮೆಯಾಗಿದ್ದರೂ ಏರುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿದ್ದರೂ ಏರುತ್ತದೆ. ಕಕ್ಕ ಡಾಂಬರಿನ ಹಾಗೆ ಕಪ್ಪಗಿದೆಯಾ ನೋಡಿ. ಕ್ರಿಯಾಟಿನಿನ್ ಸರಿಯಿದೆ ಅಂತ ಕಿಡ್ನಿ ಸರಿಯಿದೆ ಅಂದುಕೊಳ್ಳಬೇಡಿ. ಕಿಡ್ನಿ ಕೆಟ್ಟಾಗಲೂ ಫೆರೆಟ್‌ಗಳಲ್ಲಿ ಅದು ಅಷ್ಟಾಗಿ ಏರುವುದಿಲ್ಲ, ಮೂತ್ರ ಪರೀಕ್ಷೆಯೂ ಬೇಕು.

ಇನ್ನೊಬ್ಬರು: ನಮ್ಮ ಹೆಣ್ಣು ಫೆರೆಟ್‌ನ ಕಥೆ ಬೇರೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕಡಿಮೆ ಬಂತು, ರಕ್ತಹೀನತೆ ಅಂತ ಹೆದರಿದೆವು. ರಕ್ತ ತೆಗೆಯುವಾಗ ಐಸೋಫ್ಲುರೇನ್ ಎಂಬ ಅರಿವಳಿಕೆ ಗ್ಯಾಸ್ ಕೊಟ್ಟಿದ್ದರು, ಅದರಿಂದಲೇ ಆ ಅಂಕಿ ಇಳಿಯುತ್ತದಂತೆ. ಉಳಿದದ್ದೆಲ್ಲ ನಾರ್ಮಲ್, ಆದರೂ ತೂಕ ಇಳಿಯುತ್ತಲೇ ಇತ್ತು. ಕೊನೆಗೆ ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆಯ ದುಗ್ಧರಸ ಗ್ರಂಥಿ ಊದಿದ್ದು ಕಂಡಿತು, ಲಿಂಫೋಮಾ, ಅಂದರೆ ಆ ಗ್ರಂಥಿಗಳ ಕ್ಯಾನ್ಸರ್. ರಕ್ತದಲ್ಲಿ ಏನೂ ಸಿಗದಿದ್ದರೆ ಅಲ್ಟ್ರಾಸೌಂಡ್ ಕೇಳಿ.

ಪ್ರಶ್ನೆ ಕೇಳಿದವರು: ಈಗ ನೆನಪಾಯಿತು. ಕ್ಲಿನಿಕ್‌ಗೆ ಹೊರಡುವ ಮುಂಚೆ ಅವನಿಗೆ ಹೊಟ್ಟೆ ತುಂಬಾ ಊಟ ಹಾಕಿದ್ದೆ. ಒಂದೂವರೆ ಗಂಟೆ ಆಗಿತ್ತು ಅಷ್ಟೇ.

ಉತ್ತರ: ಹೊಟ್ಟೆ ತುಂಬಿದ್ದಾಗಲೂ 68 ಅಂದರೆ ಸೋಮವಾರದವರೆಗೆ ಕಾಯಬೇಡಿ. ತುರ್ತು ಕ್ಲಿನಿಕ್‌ಗೆ ಈಗಲೇ ಫೋನ್ ಮಾಡಿ, ತಿಂದ ಹೊತ್ತನ್ನೂ ಹೇಳಿ. ರಾತ್ರಿ ಮೂರು ನಾಲ್ಕು ಗಂಟೆಗೊಮ್ಮೆ ಎಬ್ಬಿಸಿ ಊಟ ಕೊಡಿ.