ಹಳೆಯ ಮಿನಿ ಕಾರಿನ ಇಗ್ನಿಷನ್ ಟೈಮಿಂಗ್: ಗುರುತು ನೋಡುವುದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ಬಳಿ 1960ರ ದಶಕದ ಮಿನಿ ಕಾರಿದೆ. ಎಂಜಿನ್ ಅಡ್ಡಲಾಗಿದ್ದು, ರೇಡಿಯೇಟರ್ ಅದರ ಪಕ್ಕಕ್ಕೇ ಇರುವುದರಿಂದ ಪುಲ್ಲಿಯ (ಬೆಲ್ಟ್ ಓಡುವ ಚಕ್ರದ) ಕಡೆಗೆ ಕಣ್ಣು ಹಾಯುವುದೇ ಇಲ್ಲ. ಟೈಮಿಂಗ್ (ಕಿಡಿ ಹಾರುವ ಕ್ಷಣದ ಹೊಂದಾಣಿಕೆಯ) ಗುರುತು ನೋಡುವ ಬಗೆಯನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಆ ಕಾಲದ ಮಿನಿಗಳಲ್ಲಿ ಗುರುತುಗಳು ಫ್ಲೈವೀಲ್ (ಎಂಜಿನ್‌ನೊಂದಿಗೆ ತಿರುಗುವ ಭಾರವಾದ ಚಕ್ರ) ಮೇಲಿರುತ್ತವೆ. ಕ್ಲಚ್ ಹೌಸಿಂಗ್‌ನ ಮೇಲಿನ ಸಣ್ಣ ಮುಚ್ಚಳವನ್ನು ಬಿಚ್ಚಿ, ಚಿಕ್ಕ ಕನ್ನಡಿಯನ್ನು ಓರೆಯಾಗಿ ಹಿಡಿದು ಎಂಜಿನನ್ನು ನಿಧಾನವಾಗಿ ತಿರುಗಿಸಿದರೆ, ಒಂದನೇ ಮತ್ತು ನಾಲ್ಕನೇ ಪಿಸ್ಟನ್‌ಗಳು ಮೇಲ್ತುದಿಗೆ ಬಂದಾಗ 1/4 ಎಂಬ ಗುರುತು ಕಾಣುತ್ತದೆ. ಅದಕ್ಕೆ ಬಿಳಿ ಬಣ್ಣ ಹಚ್ಚಿಕೊಳ್ಳಿ.

ಉತ್ತರ 2: ಮೊದಲು ಪಾಯಿಂಟ್‌ಗಳ (ಕಿಡಿ ಹಾರಿಸಲು ವಿದ್ಯುತ್ತನ್ನು ಕಡಿಯುವ ಸಂಪರ್ಕಗಳ) ಅಂತರವನ್ನು 0.015 ಇಂಚಿಗೆ ಹೊಂದಿಸಿ, ಏಕೆಂದರೆ ಅದು ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಈ ಕ್ರಮ ತಪ್ಪಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಸ್ಟ್ರೋಬ್ ಲೈಟ್ (ಕಿಡಿಯೊಂದಿಗೇ ಮಿನುಗಿ ಗುರುತನ್ನು ತೋರಿಸುವ ದೀಪ) ಹಿಡಿಯುವಾಗ ವ್ಯಾಕ್ಯೂಮ್ ಕೊಳವೆಯನ್ನು ಕಳಚಿ, ಅದರ ಬಾಯಿಯನ್ನು ಮುಚ್ಚಿರಬೇಕು. ಡಿಸ್ಟ್ರಿಬ್ಯೂಟರ್ ಎಂಬ ಕಿಡಿ ಹಂಚುವ ಭಾಗದೊಳಗಿನ ರೋಟರ್ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಡಿಸ್ಟ್ರಿಬ್ಯೂಟರನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಕಿಡಿ ಬೇಗ ಹಾರುತ್ತದೆ.

ಉತ್ತರ 3: ತಮ್ಮ ಕಾರಿನಲ್ಲಿ ಲ್ಯೂಕಾಸ್ 25ಡಿ ಡಿಸ್ಟ್ರಿಬ್ಯೂಟರ್ ಇದ್ದರೆ, ಅದನ್ನು ಹಿಡಿದಿಡುವ ಕ್ಲ್ಯಾಂಪ್ ಸಡಿಲಿಸದೆ, ಬೆರಳಿನಿಂದಲೇ ತಿರುಗಿಸಬಹುದಾದ ಸಣ್ಣ ನಟ್‌ನಿಂದ ಕೊನೆಯ ಸೂಕ್ಷ್ಮ ಹೊಂದಾಣಿಕೆ ಮಾಡಬಹುದು. ಕೈ ತೂರದ ಇಕ್ಕಟ್ಟಿನಲ್ಲಿ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಹೈ ಟೆನ್ಷನ್ ತಂತಿಗಳು ಅಲ್ಲಿಯೇ ಇರುವುದರಿಂದ, ಎಂಜಿನ್ ನಿಲ್ಲಿಸಿದ ಮೇಲೆಯೇ ಅದನ್ನು ಮುಟ್ಟಿ.