ಡೀಸೆಲ್ ಅರೋಮ್ಯಾಟಿಕ್ ಪರೀಕ್ಷೆ: ಸಿಲಿಂಡರ್ ಬದಲಿಸಿದ ಮೇಲೆ ಟಾಲ್ವೀನ್ ಬೇಗ ಬರುತ್ತಿದೆ

ಪ್ರಶ್ನೆ

ಎಎಸ್‌ಟಿಎಂ ಡಿ5186 (ಡೀಸೆಲ್‌ನ ಅರೋಮ್ಯಾಟಿಕ್‌ಗಳನ್ನು, ಅಂದರೆ ಬೆಂಜೀನ್ ಉಂಗುರವಿರುವ ಅಣುಗಳನ್ನು ಅಳೆಯುವ ಪ್ರಮಾಣಿತ ವಿಧಾನ) ಪ್ರಕಾರ ಎಸ್‌ಎಫ್‌ಸಿಯಲ್ಲಿ (ಹೆಚ್ಚು ಒತ್ತಡದ ಸಿಒ2 ಹರಿಸಿ ಅಣುಗಳನ್ನು ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ) ಡೀಸೆಲ್ ಓಡಿಸುತ್ತಿದ್ದೇವೆ. ಸಿಲಿಕಾ ಕಾಲಂ (1 × 250 ಮಿ.ಮೀ., 5 ಮೈಕ್ರಾನ್), 40 ಡಿಗ್ರಿ, 200 ಬಾರ್, ಇಂಜೆಕ್ಷನ್ 0.1 ಮೈಕ್ರೋಲೀಟರ್, ಎಫ್‌ಐಡಿ (ಜ್ವಾಲೆಯಲ್ಲಿ ಉರಿಸಿ ಪತ್ತೆಹಚ್ಚುವ ಡಿಟೆಕ್ಟರ್). ಹೊಸ ಸಿಒ2 ಸಿಲಿಂಡರ್ ಹಾಕಿದಾಗಿನಿಂದ ಪರೀಕ್ಷಾ ಮಿಶ್ರಣದ ಹೆಕ್ಸಾಡೆಕೇನ್ (ಅರೋಮ್ಯಾಟಿಕ್ ಅಲ್ಲದ್ದು) ಮೊದಲಿನಂತೆ 2.4 ನಿಮಿಷಕ್ಕೇ ಬರುತ್ತಿದೆ, ಟಾಲ್ವೀನ್ (ಅರೋಮ್ಯಾಟಿಕ್) ಮಾತ್ರ 3.1ರಿಂದ 2.8ಕ್ಕೆ ಜಾರಿದೆ. ಎರಡರ ನಡುವಿನ ರೆಸಲ್ಯೂಷನ್ (ಪೀಕ್‌ಗಳು ಎಷ್ಟು ಬೇರ್ಪಟ್ಟಿವೆ ಎಂಬ ಅಳತೆ) 5.2 ಇದ್ದದ್ದು 3ಕ್ಕೆ ಬಂದಿದೆ. ಕನಿಷ್ಠ 4 ಬೇಕು. ಬೇಸ್‌ಲೈನಿನಲ್ಲಿ ಆಗಾಗ ಚೂಪಾದ ಸ್ಪೈಕ್‌ಗಳೂ ಏಳುತ್ತಿವೆ. ಒತ್ತಡವನ್ನು 150 ಬಾರ್‌ಗೆ ಇಳಿಸಿದರೆ ಸರಿಹೋದೀತೇ?

ಉತ್ತರ 1

ಒತ್ತಡ ಮುಟ್ಟಬೇಡಿ. ಹೆಕ್ಸಾಡೆಕೇನ್ ಕದಲದೆ ಟಾಲ್ವೀನ್ ಮಾತ್ರ ಬೇಗ ಬಂದಿದೆ ಎಂದರೆ ಫ್ಲೋ ಸರಿಯಾಗಿಯೇ ಇದೆ, ಸಿಲಿಕಾ ಸೊರಗಿದೆ. ಬಹುಪಾಲು ಹೊಸ ಸಿಲಿಂಡರಿನಲ್ಲಿ ತೇವಾಂಶ ಇದೆ. ನೀರು ಸಿಲಿಕಾದ ಸಕ್ರಿಯ ಜಾಗಗಳನ್ನು ಹಿಡಿದು ಕೂತರೆ ಅರೋಮ್ಯಾಟಿಕ್‌ಗಳಿಗೆ ಅಂಟಿಕೊಳ್ಳಲು ಜಾಗ ಉಳಿಯುವುದಿಲ್ಲ. ರೆಸ್ಟ್ರಿಕ್ಟರ್ (ಒಳಗಿನ ಒತ್ತಡ ಉಳಿಸುವ ಕಿರಿದಾದ ಹೊರದಾರಿ) ಕಟ್ಟಿಕೊಂಡಿದ್ದರೆ ಎರಡೂ ಪೀಕ್‌ಗಳು ಒಂದೇ ಪ್ರಮಾಣದಲ್ಲಿ ತಡವಾಗುತ್ತಿದ್ದವು. ಹೀಲಿಯಂ ತುಂಬಿ ಒತ್ತಡ ಕೊಟ್ಟ ಸಿಲಿಂಡರ್ ಆಗಿದ್ದರೆ ಸಾಂದ್ರತೆ ತಗ್ಗಿ ಟಾಲ್ವೀನ್ ತಡವಾಗಬೇಕಿತ್ತು, ಬೇಗ ಬರುತ್ತಿರಲಿಲ್ಲ.

150 ಬಾರ್‌ನಲ್ಲಿ ಸಂಖ್ಯೆ ಪಾಸಾದರೂ ಆಗಬಹುದು. ಆದರೆ ನಿಜವಾದ ಡೀಸೆಲ್‌ನಲ್ಲಿ ಮೋನೋ (ಒಂದು ಉಂಗುರದ) ಮತ್ತು ಪಾಲಿ (ಹಲವು ಉಂಗುರದ) ಅರೋಮ್ಯಾಟಿಕ್‌ಗಳ ನಡುವೆ ಕಣಿವೆಯೇ ಇರುವುದಿಲ್ಲ. ಪರೀಕ್ಷಾ ಮಿಶ್ರಣದ ನ್ಯಾಫ್ತಲೀನ್ (ಎರಡು ಉಂಗುರದ್ದು) ಏಳುವ ಸಮಯವನ್ನೇ ಗೆರೆಯಾಗಿ ಇಟ್ಟುಕೊಂಡು ಕತ್ತರಿಸುತ್ತೇವೆ. ಕಾಲಂ ಗಂಟೆಗಂಟೆಗೂ ಸೊರಗುತ್ತಿದ್ದರೆ ಬೆಳಿಗ್ಗೆ ಎಳೆದ ಗೆರೆ ಸಂಜೆಗೆ ಸುಳ್ಳಾಗುತ್ತದೆ, ಪಾಲಿ ಅರೋಮ್ಯಾಟಿಕ್ ಒಂದಿಷ್ಟು ಮೋನೋ ಲೆಕ್ಕಕ್ಕೆ ಸೇರಿಹೋಗುತ್ತದೆ.

ಉತ್ತರ 2

ಮೇಲಿನ ಮಾತು ಸರಿ. ಎಸ್‌ಎಫ್‌ಸಿ ದರ್ಜೆಯ, ಡಿಪ್ ಟ್ಯೂಬ್ (ತಳದಿಂದ ದ್ರವ ಸಿಒ2 ಎಳೆಯುವ ನಳಿಕೆ) ಇರುವ, ಹೀಲಿಯಂ ಇಲ್ಲದ ಸಿಲಿಂಡರ್ ಹಾಕಿ. ಪಂಪಿಗೆ ಮುಂಚೆ, ಆ ಒತ್ತಡ ತಾಳುವ ಮಾಲಿಕ್ಯುಲರ್ ಸೀವ್ ಟ್ರ್ಯಾಪ್ (ನೀರು ಹೀರುವ ಹರಳುಗಳ ಬಲೆ) ಕೂರಿಸಿ, ಅದಕ್ಕೂ ಪಂಪಿಗೂ ನಡುವೆ 0.5 ಮೈಕ್ರಾನ್ ಫಿಲ್ಟರ್. ಫಿಲ್ಟರ್ ಬಿಟ್ಟರೆ ಸೀವ್‌ನ ಪುಡಿ ಪಂಪ್ ಸೀಲನ್ನು ತಿನ್ನುತ್ತದೆ.

ಕಾಲಂ ಒಣಗಿಸಲು ಅದರ ಹೊರತುದಿಯನ್ನು ಎಫ್‌ಐಡಿಯಿಂದ ಬಿಡಿಸಿ, ಬೇರೊಂದು ರೆಸ್ಟ್ರಿಕ್ಟರ್ ಜೋಡಿಸಿ, ಒಣ ಸಿಒ2 ಹರಿಸುತ್ತಾ ಓವನ್ 100 ಡಿಗ್ರಿಗೆ ಏರಿಸಿ ರಾತ್ರಿಯಿಡೀ ಬಿಡಿ (ಕಾಲಂ ತಯಾರಕರ ಗರಿಷ್ಠ ತಾಪ ನೋಡಿಕೊಂಡು). ಬೆಳಿಗ್ಗೆ ಮಿಶ್ರಣವನ್ನು ಸತತ ಮೂರು ಸಲ ಓಡಿಸಿ. ಟಾಲ್ವೀನ್ ಮೂರರಲ್ಲೂ ಒಂದೇ ಕಡೆ ನಿಲ್ಲಬೇಕು.

ಸ್ಪೈಕ್ ಬೇರೆ ಕಾಯಿಲೆ. 200 ಬಾರ್‌ನಿಂದ ಹೊರಗಿನ ಒತ್ತಡಕ್ಕೆ ಇಳಿಯುವಾಗ ಸಿಒ2 ತಣ್ಣಗಾಗಿ, ಭಾರದ ಅಣುಗಳು ರೆಸ್ಟ್ರಿಕ್ಟರ್ ತುದಿಯಲ್ಲೇ ಹೆಪ್ಪುಗಟ್ಟುತ್ತವೆ. ತುಣುಕು ಕಿತ್ತು ಜ್ವಾಲೆಗೆ ಹಾರಿದಾಗ ಸ್ಪೈಕ್. ಎಫ್‌ಐಡಿ ತಾಪ 375 ಡಿಗ್ರಿಯ ಆಸುಪಾಸಿನಲ್ಲಿದೆಯೇ, ರೆಸ್ಟ್ರಿಕ್ಟರ್ ತುದಿ ಬಿಸಿಯಾದ ಭಾಗದೊಳಗೇ ಇದೆಯೇ ನೋಡಿ.

ಉತ್ತರ 3

ಒಣಗಿಸಿದ ಮೇಲೂ ಟಾಲ್ವೀನ್ ಹಳೆಯ ಜಾಗಕ್ಕೆ ಬರದಿದ್ದರೆ ಬಯೋಡೀಸೆಲ್ ಬೆರೆತ ಸ್ಯಾಂಪಲ್ ಓಡಿಸಿದ್ದೀರಾ ಎಂದು ಲಾಗ್ ನೋಡಿ. ಮೀಥೈಲ್ ಎಸ್ಟರ್‌ಗಳು ಸಿಲಿಕಾ ಮೇಲೆ ಗಟ್ಟಿಯಾಗಿ ನಿಲ್ಲುತ್ತವೆ. ಬರೀ ತಾಪಕ್ಕೆ ಜಗ್ಗುವುದಿಲ್ಲ. ಆಗ ಕಾಲಂ ತಿರುಗಿಸಿ ಮೆಥನಾಲ್ ಬೆರೆಸಿದ ಸಿಒ2ನಿಂದ ತೊಳೆಯಬೇಕು, ಆಮೇಲೆ ಮತ್ತೆ ಒಣಗಿಸಬೇಕು. ಮೆಥನಾಲ್ ಹನಿಯೂ ಎಫ್‌ಐಡಿಗೆ ಹೋಗಬಾರದು; ಅದಕ್ಕೆ ಮೆಥನಾಲ್ ಕಾಣಿಸುತ್ತದೆ, ಸಿಒ2 ಕಾಣಿಸುವುದಿಲ್ಲ. ಈ ವಿಧಾನಕ್ಕೆ ಶುದ್ಧ ಸಿಒ2 ಆರಿಸಿದ್ದೇ ಆ ಕಾರಣಕ್ಕೆ.